ನೂರೈವತ್ತು ಗ್ರಾಂ ಇಳಿದ ವಾರ

ನಾಲ್ಕು ವರ್ಷದ ಹಿಂದೆ ಜಗಳೂರಿನಿಂದ ನ್ಯಾಮತಿಗೆ ಅಂಗನವಾಡಿ ಮೇಲ್ವಿಚಾರಕಿಯಾಗಿ ವರ್ಗವಾಗಿ ಬಂದೆ. ನನ್ನ ಕೋಪದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತೇನೋ, ಮೀಟಿಂಗಿನಲ್ಲಿ ಯಾರೂ ಮುಂದಿನ ಸಾಲಿನಲ್ಲಿ ಕೂರುತ್ತಿರಲಿಲ್ಲ.

ಸೂರಗೊಂಡನಕೊಪ್ಪದ ಆಚೆಯ ತಾಂಡಾದಲ್ಲಿ ಪ್ರೀತಿ ಎಂಬ ಒಂದೂವರೆ ವರ್ಷದ ಮಗುವಿಗೆ ತೀವ್ರ ಅಪೌಷ್ಟಿಕತೆ. ಅಂಥ ಮಗುವಿನ ತೂಕ ಏರದಿದ್ದರೆ ತಾಯಿಯೊಂದಿಗೆ ಹದಿನಾಲ್ಕು ದಿನ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕು. ತಾಯಿ ಕವಿತಾ ಆಗ ಎಂಟು ತಿಂಗಳ ಬಸುರಿ, ಎದ್ದು ಕೂರುವುದೇ ಕಷ್ಟ. ಅದಕ್ಕೇ ಕಾರ್ಯಕರ್ತೆ ಶಾಂತಮ್ಮ ದಿನಕ್ಕೆ ಮೂರು ಸಲ ಮನೆಗೇ ಹೋಗಿ ಮಗುವಿಗೆ ಮೊಟ್ಟೆ, ಹಾಲು, ಪೌಷ್ಟಿಕ ಹಿಟ್ಟಿನ ಅಂಬಲಿ ತಿನ್ನಿಸುತ್ತಿದ್ದರು.

ನಾಲ್ಕನೇ ವಾರದ ಮೀಟಿಂಗಿನಲ್ಲಿ ಮಗುವಿನ ತೂಕದ ಪುಸ್ತಕ ತೆರೆದೆ. ಹಿಂದಿನ ವಾರ ಏಳು ಕೆಜಿ ನೂರು ಗ್ರಾಂ, ಈ ವಾರ ಆರು ಕೆಜಿ ಒಂಬೈನೂರೈವತ್ತು. ಮೈ ಉರಿದುಹೋಯಿತು. ಎಲ್ಲರೆದುರೇ ಶಾಂತಮ್ಮನನ್ನು ತರಾಟೆಗೆ ತೆಗೆದುಕೊಂಡೆ.

"ಕೂಸು ಚೆನ್ನಾಗೈತ್ರಿ ಮೇಡಂ. ಎತ್ಕೊಂಡ್ರೆ ನನಗೆ ಗೊತ್ತಾಗ್ತೈತೆ," ಎಂದರು.

"ತಕ್ಕಡಿಗೆ ಗೊತ್ತಾಗಿಲ್ಲವಲ್ಲ," ಎಂದೆ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಶಾಂತಮ್ಮನನ್ನೂ ತಕ್ಕಡಿಯನ್ನೂ ಕರೆದೊಯ್ದು ನೇರ ತಾಂಡಾಕ್ಕೆ ಹೋದೆ.

ಕವಿತಾ ಅಳುತ್ತಾ ಬಟ್ಟೆ ಜೋಡಿಸತೊಡಗಿದಳು. ಮಗು ಮಾತ್ರ ನನ್ನ ಸೆರಗು ಹಿಡಿದು ಎದ್ದು ನಿಂತಿತು. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಸುತ್ತಿದೆ. ಕೆಂಪಿನಲ್ಲಿದ್ದದ್ದು ಹಳದಿಗೆ ಬಂದಿತ್ತು! ತೋಳು ದಪ್ಪವಾಗಿ ತೂಕ ಇಳಿಯುವುದೆಂದರೇನು? ಮತ್ತೆ ತೂಗಿದರೆ ಅದೇ ಅಂಕಿ. ಈ ವಾರ ಏನಾದರೂ ಬದಲಾಯಿತೇ ಎಂದು ಮಗುವಿನ ಅಜ್ಜಿಯನ್ನು ಕೇಳಿದೆ.

"ಏನಿಲ್ರೀ. ಕಾಲಿನ ಬೆಳ್ಳಿ ಕಡಗ ಬಿಗಿ ಆದ್ವು, ಎಣ್ಣೆ ಹಚ್ಚಿ ತೆಗೆದ್ವಿ. ಬೆಳ್ಳಿ ಉಡಿದಾರನೂ ಸೊಂಟಕ್ಕೆ ಒತ್ತಾಕೆ ಹತ್ತಿತ್ತು, ಕರಿ ದಾರ ಕಟ್ಟೀವಿ."

ತೂಗುವಾಗ ಮಗುವಿನ ಬಟ್ಟೆ ತೆಗೆಸಿ ಎಂದು ಪಾಠ ಮಾಡಿದವಳು ನಾನೇ. ಆದರೆ ಕೂಸಿನ ಸೊಂಟ ಬರಿದು ಮಾಡಿಸುವುದು ಇಲ್ಲಿ ಯಾರಿಗೂ ಸಲ್ಲದ ಮಾತು, ಬೆಳ್ಳಿಯ ಬಗ್ಗೆ ನಾನೂ ಬಾಯಿ ಬಿಟ್ಟಿರಲಿಲ್ಲ. ಕಡಗ, ಉಡಿದಾರ ತರಿಸಿ ಅದೇ ತಕ್ಕಡಿಗೆ ಹಾಕಿದೆ. ಮುನ್ನೂರ ನಲವತ್ತು ಗ್ರಾಂ! ಹಿಂದಿನ ವಾರದ ತೂಕದಿಂದ ಅದನ್ನು ಕಳೆದರೆ, ಮಗು ಒಂದೇ ವಾರದಲ್ಲಿ ನೂರ ತೊಂಬತ್ತು ಗ್ರಾಂ ಏರಿತ್ತು. ನಾನು ಕುಣಿಯುವುದೊಂದು ಬಾಕಿ. ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮನೆಯಲ್ಲೇ ಮುಂದುವರಿಸಿ ಎಂದರು. ಆಂಬುಲೆನ್ಸ್ ಖಾಲಿ ಹೋಯಿತು.

ಮುಂದಿನ ಮೀಟಿಂಗಿನಲ್ಲಿ, ಬೈದಿದ್ದ ಜಾಗದಲ್ಲೇ ನಿಂತು ಶಾಂತಮ್ಮನ ಕ್ಷಮೆ ಕೇಳಿದೆ. ಈಗ ಎಲ್ಲಿಗೆ ಹೋದರೂ ತೂಕದ ಪುಸ್ತಕ ತೆರೆಯುವ ಮುಂಚೆ ಕಾರ್ಯಕರ್ತೆಯನ್ನು ಕೇಳುತ್ತೇನೆ: "ಕೂಸು ಹೆಂಗೈತೆ?"