ಮುರಗೆಪ್ಪನ ಮುನ್ನೂರ ಹದಿನೆಂಟು

ತಪ್ಪು ನನ್ನದೇ. ನನ್ನ ಬಾಯಿಗೆ ಮಣ್ಣು ಬೀಳಲಿ!

ಮುಚ್ಚಂಡಿಯ ಮುರಗೆಪ್ಪ ಜತ್ತ ಬಸ್ ನಿಲ್ದಾಣದ ಎದುರು ಇಪ್ಪತ್ತು ವರ್ಷದಿಂದ ಚಹಾದಂಗಡಿ ನಡೆಸುವವನು. ಹೆಂಡದ ವಾಸನೆ ಬಂದ ಗಿರಾಕಿಯನ್ನು ಬೈದು ಅಟ್ಟುತ್ತಿದ್ದ. ಅವನ ಮಾವ ಕುಡಿದು ಕುಡಿದು ರಕ್ತ ಕಾರಿ ಸತ್ತಿದ್ದ. ಅದಕ್ಕೇ ಹೆಂಡತಿ ಉಮಾಶ್ರೀ ಮದುವೆಯ ದಿನವೇ ಇವನಿಂದ ಲಿಂಗ ಮುಟ್ಟಿ ಆಣೆ ಮಾಡಿಸಿಕೊಂಡಿದ್ದಳು. ಮುರಗೆಪ್ಪ ಕುಡಿದದ್ದು ಚಹಾ ಮಾತ್ರ. ರುಚಿ ನೋಡುತ್ತ ನೋಡುತ್ತ ದಿನಕ್ಕೆ ಇಪ್ಪತ್ತು ಕಪ್ಪು, ಸಕ್ಕರೆ ಸುರಿದದ್ದು. ಹೊಟ್ಟೆ ಮುಂದೆ ಬಂದಿತ್ತು.

ಜತ್ತದಲ್ಲಿ ಎರಡು ದಿನದ ತಪಾಸಣೆ ಶಿಬಿರ. ಲಿವರಿನ ಕೊಬ್ಬು ಅಳೆಯುವ ಯಂತ್ರ ನನ್ನ ಕೈಯಲ್ಲಿ. ಬಲಗಡೆ ಪಕ್ಕೆಲುಬುಗಳ ನಡುವೆ ಒತ್ತಿ ಹಿಡಿದರೆ ಅಂಕಿ ಬರುತ್ತದೆ. ಇನ್ನೂರ ನಲವತ್ತರೊಳಗಿದ್ದರೆ ಚಿಂತೆಯಿಲ್ಲ. ಮುರಗೆಪ್ಪನದು ಮುನ್ನೂರ ಹದಿನೆಂಟು! ಸರದಿಯಲ್ಲಿದ್ದವರೆಲ್ಲ ಕೇಳುವಂತೆ ನಾನು ಚೇಷ್ಟೆ ಮಾಡಿದೆ.

"ಏನ್ ಕಾಕಾ, ದಿನಾ ಎಷ್ಟ್ ಕ್ವಾರ್ಟರ್ ಹೊಡಿತೀರಿ? ಲಿವರ್ ತುಂಬ ಚರಬಿ ಆಗೇದ!"

ಜನ ನಕ್ಕರು. ಸರದಿಯಲ್ಲೇ ಇದ್ದ ಅವನ ಹೆಂಡತಿಯ ತಮ್ಮ ಅನಿಲ ನಗಲಿಲ್ಲ.

ಆ ಸಂಜೆಯೇ ಅನಿಲ ಅಕ್ಕನನ್ನು ಕರೆದುಕೊಂಡು ಅಂಗಡಿಗೆ ನುಗ್ಗಿದ. ಕುದಿಯುವ ಚಹಾದ ಪಾತ್ರೆಯನ್ನು ಮುರಗೆಪ್ಪನ ಕಾಲ ಮೇಲೆ ಒದ್ದ. ಬಡಿಗೆ ತಗೊಂಡು ಬಾರಿಸಿದ. ಎಡಗೈ ಲಟಕ್ಕೆಂದು ಮುರಿಯಿತು. ಉಮಾಶ್ರೀ ಹಿತ್ತಾಳೆ ಸೌಟಿನಿಂದ ಬಾಯಿಗೇ ಹೊಡೆದಳು, ಎರಡು ಹಲ್ಲು ಬಿದ್ದವು.

"ಲಿಂಗಾ ಮುಟ್ಟಿ ಸುಳ್ಳ ಹೇಳಿದೇನೋ, ಹಾಟ್ಯಾ!"

ಬಿಡಿಸಲು ಯಾರೂ ಬರಲಿಲ್ಲ. ಕುಡುಕನಿಗೆ ಹೆಂಡತಿ ಹೊಡೆದರೆ ಯಾರು ಅಡ್ಡ ಬರುತ್ತಾರೆ?

ಮರುದಿನ ಉಮಾಶ್ರೀ, ಪ್ಲಾಸ್ಟರ್ ಹಾಕಿದ ಗಂಡನನ್ನು ಎಳೆದುಕೊಂಡೇ ಶಿಬಿರದ ನನ್ನ ಕೋಣೆಗೆ ಬಂದಳು. ಅನಿಲ ಬಾಗಿಲಾಚೆ ಬಡಿಗೆ ಹಿಡಿದು ನಿಂತ.

"ಇಂವ ಕುಡಕ ಅಂತ ಬರದ್ ಕೊಡ್ರಿ ಬಾಯಾರ. ನನಗ ಸೋಡಚೀಟಿ ಬೇಕು, ಇವನ ಸಂಸಾರ ಸಾಕು."

ಮುರಗೆಪ್ಪನ ಮುಖ ಬಾತುಹೋಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು, ಅವಳ ಮೇಲೂ ನನ್ನ ಮೇಲೂ.

"ನಾ ಚ್ಯಾಷ್ಟಿ ಮಾಡಿದ್ದೆ ತಾಯಿ! ಸಕ್ರಿ ತಿಂದ್ರೂ, ಹೊಟ್ಟಿ ಬಂದ್ರೂ, ಕುಂತಲ್ಲೇ ಕುಂತ್ರೂ ಲಿವರಿಗೆ ಚರಬಿ ಹತ್ತತದ. ಹಿಂಗ ಬಿಟ್ರ ಸಕ್ರಿ ಬ್ಯಾನಿ, ಹಾರ್ಟಿನ ಬ್ಯಾನಿ ಬರತಾವ. ಇದಕ್ಕ ದಾರೂನೇ ಬೇಕಂತಿಲ್ಲ."

"ಸುಳ್ಳ. ಕುಡೀಲಾರದವರಿಗೆ ಇದು ಬರಂಗಿಲ್ಲ."

"ಹಂಗಾರ ನೀ ಮಲಗು."

ರಟ್ಟೆ ಹಿಡಿದು ಮಲಗಿಸಿ ಯಂತ್ರ ಒತ್ತಿದೆ. ಹತ್ತು ಸಲ ಅಳೆದೆ. ಮುನ್ನೂರ ಮೂವತ್ತೊಂದು. ಗಂಡನಿಗಿಂತ ಹೆಚ್ಚು!

ಪರದೆಯನ್ನು ಅವಳತ್ತ ತಿರುಗಿಸಿದೆ. ಅಂಕಿ ಓದಿ ಉಮಾಶ್ರೀಯ ಮುಖ ಬಿಳಿಚಿತು; ಗಂಡನ ಹಲ್ಲು ಬಿದ್ದ ಬಾಯಿಯತ್ತ ಒಮ್ಮೆ ನೋಡಿದಳು. ಅನಿಲನಿಗೂ ಕೇಳಲೆಂದು ನಾನು ಅಂಕಿಯನ್ನು ಒದರಲು ಬಾಯಿ ತೆರೆದೆ.

ಮುರಗೆಪ್ಪ ಸರಿಯಿದ್ದ ಕೈಯಿಂದ ನನ್ನ ಬಾಯಿಗೆ ಅಡ್ಡ ಹಿಡಿದ. ಬಾತ ತುಟಿಯಿಂದ ಮಾತು ಸರಿಯಾಗಿ ಹೊರಡಲೊಲ್ಲದು.

"ಗಟ್ಟಿ ಹೇಳಬ್ಯಾಡ್ರಿ ಅಕ್ಕಾರ," ಎಂದ. "ಅನಿಲ ಹೊರಗ ನಿಂತಾನ. ಈಕಿನ್ನೂ ಹೊಡೀತಾನ."