ಹತ್ತು ಕೈಯ ರಾಕ್ಷಸನೂ ಬಣ್ಣದ ಅಜ್ಜನೂ

ಅವರ ಮುಖದಲ್ಲಿ ಹುಬ್ಬು ಇರಲಿಲ್ಲ. ಯಕ್ಷಗಾನ ಮೇಳದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡಿದವರು. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಅರೆದ ಚಿಟ್ಟಿಯನ್ನು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಟ್ಟು ಒಣಗಿಸಬೇಕು. ಆಟ ಮುಗಿದ ಮೇಲೆ ಅದನ್ನು ಕೀಳುವಾಗ ಕೂದಲೂ ಜೊತೆಗೆ ಬರುತ್ತದೆ. ಕೊನೆಗೆ ಬರಲಿಕ್ಕೆ ಏನೂ ಉಳಿಯಲಿಲ್ಲ. ಹುಬ್ಬಿಲ್ಲದ್ದರಿಂದ ಅವರಿಗೆ ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಹೊಸಬರಿಗೆ ತಿಳಿಯುತ್ತಿರಲಿಲ್ಲ. ವಿಟ್ಲದ ನಮ್ಮ ಓಣಿಯಲ್ಲಿ ಎಲ್ಲರಿಗೂ ಅವರು ಬಣ್ಣದ ಅಜ್ಜ.

ಓಣಿಯಲ್ಲಿ ಟಿವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ಮುಂಬಯಿಯ ಹೋಟೆಲಿನಲ್ಲಿದ್ದ ಮಗ ತಂದುಕೊಟ್ಟ ಕಪ್ಪು ಬಿಳುಪಿನ ಟಿವಿ. ತೊಂಬತ್ತರ ದಶಕದ ಒಂದು ವರ್ಷ ಭಾನುವಾರ ಬೆಳಿಗ್ಗೆ ಅದರಲ್ಲಿ ಪರದೇಶದ ಹಳೆಯ ಧಾರಾವಾಹಿಯೊಂದು ಬರುತ್ತಿತ್ತು. ಒಂದು ಆಕಾಶನೌಕೆ, ಅದರಲ್ಲಿ ಐದಾರು ಮಂದಿ, ವಾರಕ್ಕೊಂದು ಗ್ರಹ, ಅಲ್ಲಿ ಒಂದು ವಿಚಿತ್ರ ಪ್ರಾಣಿ. ಅಜ್ಜ ಅದನ್ನು ಕಸುಬಿನವರ ಕಣ್ಣಿನಿಂದ ನೋಡುತ್ತಿದ್ದರು. ವೇಷ ಕಟ್ಟುವ ಚೌಕಿಯಲ್ಲಿ ಆಟಕ್ಕೆ ಮೊದಲು ಮಾತಾಡಬಾರದು ಎಂದು ಕಲಿತವರು, ಧಾರಾವಾಹಿಗೆ ಅರ್ಧ ಗಂಟೆ ಮೊದಲೇ ಸ್ನಾನ ಮಾಡಿ ಬಾಯಿ ಮುಚ್ಚಿ ಕುಳಿತುಬಿಡುತ್ತಿದ್ದರು. ಪ್ರಾಣಿ ಬಂದ ಮೇಲೆ ತೀರ್ಪು: "ಇವನಿಗೆ ಪ್ರವೇಶವೇ ಗೊತ್ತಿಲ್ಲ. ಬಸ್ಸಿನಿಂದ ಇಳಿದ ಹಾಗೆ ಇಳಿದ."

ಮಾತೆಲ್ಲ ಇಂಗ್ಲಿಷ್. ಅರ್ಥ ಹೇಳುವ ಕೆಲಸ ನನ್ನದು. ನಾನು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಬೀಡಿ ಕಟ್ಟುತ್ತಿದ್ದ ಅಮ್ಮ, "ಅವಳು ಇಂಗ್ಲಿಷಿನಲ್ಲೇ ಓದುವುದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ನಿಜ ಏನೆಂದರೆ, ಕನ್ನಡ ಮಾಧ್ಯಮದಿಂದ ಹೋದ ನನಗೆ ಟಿವಿಯ ಇಂಗ್ಲಿಷೂ ತಿಳಿಯುತ್ತಿರಲಿಲ್ಲ, ಕ್ಲಾಸಿನದ್ದೂ ತಿಳಿಯುತ್ತಿರಲಿಲ್ಲ. ಪುಸ್ತಕ ಬಾಯಿಪಾಠ ಮಾಡುತ್ತಿದ್ದೆ. ಟಿವಿಯ ಎದುರು, ಮುಖ ನೋಡಿ ಕಥೆ ಕಟ್ಟುತ್ತಿದ್ದೆ.

ಒಂದು ವಾರ ಕೊನೆಯಲ್ಲಿ, ಮುಂದಿನ ಕಂತಿನ ರಾಕ್ಷಸನ ನೆರಳನ್ನು ಮಾತ್ರ ತೋರಿಸಿದರು. ನೌಕೆಯವರೆಲ್ಲ ನಡುಗುತ್ತಿದ್ದರು, ಒಬ್ಬ ಏನೋ ಕೂಗಿದ. "ಎಂಥ ಹೇಳಿದ ಅವನು?" ಎಂದು ಅಜ್ಜ ಕೇಳಿದರು. "ಅದಕ್ಕೆ ಹತ್ತು ಕೈ ಉಂಟಂತೆ ಅಜ್ಜ. ಒಂದು ಗ್ರಹವನ್ನು ಇಡೀ ನುಂಗಿದೆಯಂತೆ" ಎಂದೆ. ಅಜ್ಜ ವಾರವಿಡೀ ಕ್ಷೌರದ ಅಂಗಡಿಯಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ ಅದನ್ನೇ ಹೇಳಿದರು. ಹತ್ತು ಕೈಯನ್ನು ಹೇಗೆ ಕಟ್ಟಿರಬಹುದೆಂದು ಯೋಚಿಸಿ ಒಂದು ದಿನ ಊಟಕ್ಕೂ ತಡವಾಗಿ ಎದ್ದರಂತೆ.

ಭಾನುವಾರ ಜಗಲಿ ತುಂಬಿತು. ಎದುರಿನ ಜಿನಸಿನ ಅಂಗಡಿಯ ಬ್ಯಾರಿ ಕಾಕ ಕೂಡ ಬಾಗಿಲು ಅರ್ಧ ಎಳೆದು ಬಂದರು. ಟಿವಿಯಲ್ಲಿ ನೌಕೆಯ ಬಾಗಿಲು ತೆರೆಯಿತು, ಹೊಗೆ ಬಂತು, ಹೊಗೆಯಿಂದ ರಾಕ್ಷಸ ಬಂದ. ಎರಡೇ ಕೈ. ಮೈಗೆ ರಬ್ಬರಿನ ಚೀಲ, ಮೂಗಿಗೆ ಗ್ಯಾಸಿನ ಪೈಪಿನಂಥದ್ದು. ತಿರುಗಿದಾಗ ಬೆನ್ನಿನ ಜಿಪ್ಪು ಕಂಡಿತು. ಯಾರನ್ನೂ ನುಂಗಲಿಲ್ಲ. ನಾಯಕ ಏನೋ ಹೇಳಿದ, ಅದು ತಲೆ ತಗ್ಗಿಸಿ ವಾಪಸು ಹೋಯಿತು.

"ನಿನ್ನ ಹತ್ತು ಕೈಯವ ಎಲ್ಲಿ ಮಾರಾಯ್ತಿ?" ಎಂದರು ಕಾಕ. "ಇದು ಮಳೆಗೆ ಟರ್ಪಾಲು ಹೊದ್ದುಕೊಂಡು ಬಂದವ. ನನ್ನ ಅಂಗಡಿಯಲ್ಲೂ ದಿನಾ ನಾಲ್ಕು ಬರ್ತವೆ." ಎಲ್ಲರೂ ನಗುತ್ತ ಎದ್ದು ಹೋದರು.

ಅಜ್ಜ ನಗಲಿಲ್ಲ. "ಒಳಗಿನವನದ್ದು ತಪ್ಪಿಲ್ಲ. ಪಾಪ, ಆ ಚೀಲದೊಳಗೆ ಬೆವರಿಳಿಸಿಕೊಂಡು ಹೆಜ್ಜೆ ಸರಿಯಾಗಿಯೇ ಇಟ್ಟ. ಕಟ್ಟಿದವರು ಮೋಸ ಮಾಡಿದ್ದು" ಎಂದರು. ಆಮೇಲೆ ಟಿವಿ ಆರಿಸಿ, ನನ್ನ ಕಡೆ ತಿರುಗಿದರು.

"ಹತ್ತು ಕೈ ಎಲ್ಲಿಂದ ಬಂತು?"

"ಅಂದಾಜು ಅಜ್ಜ."

"ಎಷ್ಟು ವಾರದಿಂದ ಅಂದಾಜು?"

"ಮೊದಲಿನಿಂದ."

"ಕಾಲೇಜಿನಲ್ಲಿಯೂ ಅಂದಾಜೇನಾ?"

ಇದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮೊದಲ ವರ್ಷದ ಎರಡು ವಿಷಯದಲ್ಲಿ ಫೇಲಾದದ್ದು, ಒಂದು ತಿಂಗಳಿನಿಂದ ಅಮ್ಮನಿಗೆ ಹೇಳದೆ ಇರುವುದು, ಕಾಲೇಜು ಬಿಟ್ಟು ಬೀಡಿಗೇ ಕುಳಿತುಕೊಳ್ಳುವುದೆಂದು ನಿರ್ಧರಿಸಿದ್ದು, ಎಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅಜ್ಜ ಸಮಾಧಾನ ಹೇಳಲಿಲ್ಲ. "ಪುಸ್ತಕ ತೆಗೆದುಕೊಂಡು ಬಾ" ಎಂದರು.

ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಅದರ ಅರ್ಥವನ್ನು ತನ್ನದೇ ಮಾತಿನಲ್ಲಿ ಹೇಳಬೇಕು. ಎದುರಿನ ವೇಷ ಅದನ್ನು ಬಿಡದೆ ಪ್ರಶ್ನಿಸುತ್ತದೆ. ಬಾಯಿಪಾಠ ಮಾಡಿದವನು ಅಲ್ಲಿ ಸಿಕ್ಕಿಬೀಳುತ್ತಾನೆ. ಅಜ್ಜ ನನ್ನ ಭೌತಶಾಸ್ತ್ರಕ್ಕೂ ಅದನ್ನೇ ಮಾಡಿದರು. ಇಂಗ್ಲಿಷಿನ ಒಂದು ವಾಕ್ಯ ನಾನು ಓದಬೇಕು, ಕೂಡಲೇ ನಮ್ಮ ಮನೆಮಾತಾದ ತುಳುವಿನಲ್ಲಿ ಅರ್ಥ ಹೇಳಬೇಕು. ಅವರಿಗೆ ಇಂಗ್ಲಿಷ್ ಗೊತ್ತಿಲ್ಲ, ಭೌತಶಾಸ್ತ್ರವಂತೂ ಗೊತ್ತೇ ಇಲ್ಲ. ಆದರೆ ಎದುರಾಳಿಯಾಗಿ ನಿಲ್ಲುವುದು ಗೊತ್ತಿತ್ತು.

"ಬೆಳಕು ನೀರಿಗೆ ಇಳಿಯುವಾಗ ಯಾಕೆ ಬಗ್ಗಬೇಕು? ಅದಕ್ಕೇನು, ಹೆದರಿಕೆಯಾ?"

"ನೀರಿನಲ್ಲಿ ಅದರ ವೇಗ ಕಡಿಮೆ ಆಗ್ತದೆ ಅಜ್ಜ."

"ಆಗಲಿ. ನಿಧಾನ ಹೋಗುವವ ದಾರಿ ಯಾಕೆ ತಪ್ಪಬೇಕು? ನಾನು ಒಪ್ಪುವುದಿಲ್ಲ."

ನಾನು ತಡವರಿಸಿದರೆ, "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಹೇಳು. ಹತ್ತು ಕೈ ಬೇಡ" ಎನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಚೀಟಿಯಲ್ಲಿ ಬರೆದುಕೊಂಡು ಸೋಮವಾರ ಮೂಡುಬಿದಿರೆಯಲ್ಲಿ ಲೆಕ್ಚರರ್ ಹತ್ತಿರ ಕೇಳಿ ಬರಬೇಕು. ಮುಂದಿನ ಶನಿವಾರ ಅಲ್ಲಿಂದಲೇ ಆರಂಭ. ಫೇಲಾದದ್ದನ್ನು ಅಮ್ಮನಿಗೂ ಅವರೇ ನನ್ನ ಬಾಯಿಂದ ಹೇಳಿಸಿದರು. ಅಮ್ಮ ಎರಡು ದಿನ ಮಾತು ಬಿಟ್ಟಳು, ಮರುವಾರ ನಾನು ಬಂದಾಗ, "ಅಜ್ಜನಲ್ಲಿಗೆ ಹೋಗಲಿಲ್ವಾ?" ಎಂದಳು.

ಸುಲಭದ ಮನುಷ್ಯ ಅಲ್ಲ ಅವರು. ಹೊಸ ವೇಷಧಾರಿಗಳನ್ನು ಎದುರೇ ಬೈಯುತ್ತಿದ್ದರು. ಚಾ ತಣ್ಣಗಾದರೆ ಸೊಸೆಯ ಮೇಲೆ ರೇಗುತ್ತಿದ್ದರು. ನಾನು ಬಾಕಿ ಎರಡೂ ವಿಷಯ ಪಾಸಾದಾಗ ಹೇಳಿದ್ದು ಇಷ್ಟೇ: "ಇನ್ನು ಎರಡು ವರ್ಷ ಉಂಟಲ್ಲ."

ಆ ಎರಡು ವರ್ಷ ಪೂರ್ತಿ ಅವರಿಗೆ ಸಿಗಲಿಲ್ಲ. ನನ್ನ ಕೊನೆಯ ಪರೀಕ್ಷೆಗಳ ನಡುವೆ ತೀರಿಹೋದರು. ನನಗೆ ತಿಳಿದದ್ದು ಕೊನೆಯ ಪೇಪರು ಬರೆದು, ಕಲ್ಲಡ್ಕದಲ್ಲಿ ಬಸ್ಸು ಬದಲಿಸಿ, ವಿಟ್ಲದಲ್ಲಿ ಇಳಿದ ಮೇಲೆ. ಆಗಲೇ ಐದು ದಿನ ಆಗಿತ್ತು. ಯಾಕೆ ಹೇಳಲಿಲ್ಲವೆಂದು ಅಮ್ಮನ ಮೇಲೆ ರೇಗಿದೆ. ಅಮ್ಮ ಹೇಳಿದಳು: "ಮಲಗಿದಲ್ಲಿಂದಲೇ ನಿನ್ನ ಟೈಂಟೇಬಲ್ ಓದಿಸಿ ಕೇಳಿದ್ರು. ಕೊನೇದು ಮುಗಿಯುವವರೆಗೆ ಅವಳಿಗೆ ಯಾರೂ ಹೇಳಬಾರದು ಅಂದ್ರು. ನಾನೇನು ಮಾಡುವುದು?"

ಈಗ ಬೆಳ್ತಂಗಡಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಉತ್ತರ ತಿಳಿಯದ ಪ್ರಶ್ನೆ ಬಂದರೆ, "ನನಗೆ ಗೊತ್ತಿಲ್ಲ, ನಾಳೆ ನೋಡಿ ಹೇಳ್ತೇನೆ" ಎನ್ನುತ್ತೇನೆ. ಮೊದಮೊದಲು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಈಗ ಮರುದಿನ ನಾನು ಹಾಜರಿ ಕರೆಯುವ ಮೊದಲೇ ಯಾರಾದರೊಬ್ಬರು ಎದ್ದು ನಿಂತಿರುತ್ತಾರೆ: "ಟೀಚರ್, ನಿನ್ನೆಯದ್ದು?"