ಬರ್ಲಿ ಬರ್ಲಿ ಮಾವ
ನಮ್ಮ ಸೋದರಮಾವನಿಗೆ ಸ್ವಂತ ಕಾರಿಲ್ಲ, ಕಾರಿನ ಹುಚ್ಚು ಮಾತ್ರ ನೆತ್ತಿಗೇರಿದೆ. ಬೀದಿಯಲ್ಲಿ ಯಾರದೇ ಕಾರು ಹಿಂದಕ್ಕೆ ಸರಿಯಲಿ, ಮುಖದ ತುಂಬ ಶೇವಿಂಗ್ ಸೋಪಿದ್ದರೂ ಓಡಿ ಬಂದು ಅದರ ಹಿಂದೆ ನಿಂತು, "ಬರ್ಲಿ, ಬರ್ಲಿ... ಸಾಕು!" ಎಂದು ಡಿಕ್ಕಿ ತಟ್ಟುತ್ತಾನೆ. "ನಮ್ ಬೀದಿ ಕಾರುಗಳ ಮೇಲೆ ಒಂದ್ ಗೀರಿಲ್ಲ, ಯಾಕೆ ಹೇಳು?" ಎಂದು ಮೀಸೆ ತಿರುವುತ್ತಾನೆ. ಪ್ರತಿ ವರ್ಷ ಇಸ್ತ್ರಿ ಶರ್ಟು ತೊಟ್ಟು ಕಾರು ಮೇಳಕ್ಕೆ ಹೋಗಿ, ಹೊಸ ಮಾಡೆಲ್‌ಗಳ ಬಾಗಿಲು ಬಡಿದು ನೋಡಿ "ಬರೀ ತಗಡು" ಎಂದು ತೀರ್ಪು ಕೊಡುತ್ತಾನೆ. ಈ ಸಲ ಅಲ್ಲಿ, ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಬಂದು ನಿಲ್ಲುವ ಕಾರೊಂದನ್ನು ತೋರಿಸುತ್ತಿದ್ದರು. "ಹಿಂದೆ ನೋಡೋರಿಲ್ದೆ ಅದ್ ಹೆಂಗ್ರೀ ಬರುತ್ತೆ?" ಎಂದವನೇ ಮಾವ ಹಗ್ಗ ದಾಟಿ ಅದರ ಹಿಂದೆ ನಿಂತು ಕೈಯಾಡಿಸಿದ: "ಬರ್ಲಿ, ಬರ್ಲಿ..." ಕಾರು ಗಕ್ಕನೆ ನಿಂತಿತು. ಒಳಗಿನಿಂದ ಹೆಣ್ಣುದನಿಯೊಂದು ನಯವಾಗಿ ಹೇಳಿತು: "ಹಿಂದೆ ಅಡ್ಡಿಯಿದೆ. ದಯವಿಟ್ಟು ತೆಗೆಯಿರಿ." ಮಾವ ಅಭ್ಯಾಸಬಲದಿಂದ ಅದರ ಡಿಕ್ಕಿ ತಟ್ಟಿ, ಮೆಲ್ಲಗೆ "ಸಾಕು" ಎಂದ.